ಅಂಚಿನಲ್ಲಿ ಎರಡಕ್ಷರ

ಮಾರ್ಚ್ 3, ಸೋಮವಾರ

ಸಂಜೆ ಆರೂಕಾಲು. ಇವತ್ತು ಹದಿನೇಳು ಮನೆ ಮುಗಿಸಿದೆ. ಎರಡು ಮನೆಯಲ್ಲಿ ನಾಯಿ ಬಿಡಲಿಲ್ಲ, ಒಂದು ಮನೆಗೆ ಬೀಗ. ಹಿಮ್ಮಡಿ ಬಿರಿದು ಉರಿಯುತ್ತಿದೆ.

ಈ ಡೈರಿ ನಮ್ಮ ಯಜಮಾನರದು. ಕಚೇರಿಯಿಂದ ವರ್ಷ ವರ್ಷ ಕೊಡುತ್ತಾರೆ. ಮೊದಲ ಪುಟದಲ್ಲಿ ಹೆಸರು ಬರೆದಿಟ್ಟು ಡಿಸೆಂಬರ್ ಹದಿನೆಂಟಕ್ಕೆ ಹೋಗಿಬಿಟ್ಟರು. ಉಳಿದ ಹಾಳೆಗಳು ಖಾಲಿ ಇವೆ, ಬರೆದರೆ ಯಾರೂ ಕೇಳುವವರಿಲ್ಲ.

ಅವರು ಕೃಷಿ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಊರೂರು ತಿರುಗುವ ಸಹಾಯಕರಾಗಿದ್ದರು. ಈಗ ಆ ಜಾಗ ನನಗೆ ಬಂದಿದೆ, ಅನುಕಂಪದ ಮೇಲೆ. ಕಚೇರಿಯಲ್ಲಿ ನನಗೆ ಹೆಸರೂ ಅದೇ. "ಅನುಕಂಪದವರು ಬಂದ್ರು, ಒಂದು ಕುರ್ಚಿ ಹಾಕಪ್ಪ" ಅನ್ನುತ್ತಾರೆ. ದೊಡ್ಡ ಸಾಹೇಬರು ನನ್ನ ಹತ್ತನೇ ತರಗತಿಯ ಅಂಕಪಟ್ಟಿ ತಿರುಗಿಸಿ ನೋಡಿ, "ಅಕ್ಷರ ದುಂಡಗಿದೆಯಾ?" ಅಂತ ಮಾತ್ರ ಕೇಳಿದರು. ಇದೆ ಅಂದೆ.

ಕೆಲಸ ಇಷ್ಟು. ಮುಂದಿನ ಎರಡು ವರ್ಷ ಯಾವ ಊರಿಗೆ ಏನು ಕಲಿಸಬೇಕು, ಏನು ಕೊಡಬೇಕು ಅಂತ ಕಚೇರಿ ಪಟ್ಟಿ ಮಾಡುತ್ತದೆ. ಅದಕ್ಕೆ ಮೊದಲು ನಾವು ಮನೆಮನೆಗೆ ಹೋಗಿ ಕೇಳಿಕೊಂಡು ಬರಬೇಕು. ಫಾರಮ್ಮಿಗೆ ನಾಲ್ಕು ಪುಟ. ಹದಿನಾಲ್ಕನೇ ಪ್ರಶ್ನೆಯೇ ಮುಖ್ಯ: ನಿಮ್ಮ ದೊಡ್ಡ ತೊಂದರೆ ಏನು? ತರಬೇತಿ ಕೊಟ್ಟವರು ಮೇಜು ಕುಟ್ಟಿ ಹೇಳಿದರು: "ಹದಿನಾಲ್ಕಕ್ಕೆ ರೈತ ಹೇಳಿದ ಮಾತನ್ನೇ ಬರೀಬೇಕು. ಒಂದಕ್ಷರ ಆಚೀಚೆ ಆಗಬಾರದು. ನಿಮ್ಮ ಬುದ್ಧಿ ಮನೇಲಿಟ್ಟು ಬನ್ನಿ."

ಇವತ್ತು ಒಬ್ಬರು "ಗಿಡ ಎಲ್ಲ ಕೂತುಬಿಟ್ವು ಕಣಮ್ಮ" ಅಂದರು. ಹಾಗೇ ಬರೆದೆ. ಆದರೆ ಕಚೇರಿಯಲ್ಲಿ ಕೂತವರು ಇದನ್ನು ಓದಿ ಗಾಳಿಗೆ ಬಿದ್ದಿವೆ ಅಂದುಕೊಂಡರೆ ಏನು ಗತಿ? ಹೊಲಕ್ಕೆ ಹೋಗಿ ಒಂದು ಗಿಡ ಕಿತ್ತು ನೋಡಿದೆ. ಬೇರು ಕೊಳೆತು ನಾರುತ್ತಿತ್ತು. ಅಂಚಿನಲ್ಲಿ ಪೆನ್ಸಿಲಿನಿಂದ "ಬೆಳವಣಿಗೆ ನಿಂತಿದೆ, ಬೇರು ಕೊಳೆತಿದೆ" ಅಂತ ಸಣ್ಣಗೆ ಬರೆದೆ. ಬುದ್ಧಿ ಪೂರ್ತಿ ಮನೆಯಲ್ಲಿಟ್ಟು ಬರುವುದಕ್ಕೆ ನನಗೆ ಬರುವುದಿಲ್ಲ.

ಬಂದ ಮೇಲೆ ಅತ್ತೆಯ ಉಗುರು ಕತ್ತರಿಸಿದೆ. ಅವರಿಗೆ ಕಣ್ಣು ಮಂಜು, ಕತ್ತರಿ ಸದ್ದು ಕೇಳಿದರೇ ಬೆರಳು ಎಳೆದುಕೊಳ್ಳುತ್ತಾರೆ. ಕೊನೆಯ ಬೆರಳಿಗೆ ಬಂದಾಗ ಮಗನ ಬಗ್ಗೆ ದಿನದ ಪ್ರಶ್ನೆ ಕೇಳಿದರು. "ಕೊನೆಗೆ ಏನಾದ್ರೂ ಅಂದ್ನಂತಾ?"

"ಗೊತ್ತಿಲ್ಲ ಅತ್ತೆ. ಗೊತ್ತಾದ್ರೆ ನಿಮಗೆ ಹೇಳದೇ ಇರ್ತೀನಾ?"

ನಾಳೆ ಅದೇ ಊರಿನ ಕೆಳಗಿನ ಓಣಿ.

ಮಾರ್ಚ್ 5, ಬುಧವಾರ

ಬೆಳಗ್ಗೆ ಪೂರ್ತಿ ಕಚೇರಿ. ನಮ್ಮ ಫಾರಮ್ಮುಗಳನ್ನು ಕಂಪ್ಯೂಟರಿಗೆ ಹಾಕುವವಳು ಪಟ್ಟಣದ ಹುಡುಗಿ, ಹೊಲ ಕಂಡದ್ದು ಬಸ್ಸಿನ ಕಿಟಕಿಯಿಂದಲೇ. ಪ್ರತಿ ತೊಂದರೆಗೂ ಒಂದು ಸಂಖ್ಯೆ ಇದೆ, ಆ ಸಂಖ್ಯೆ ಒತ್ತಬೇಕು. "ಅಕ್ಕ, ನಿಮ್ಮ ಪೆನ್ಸಿಲ್ ಇಲ್ದಿದ್ರೆ ನಾನು ಸತ್ತೇ ಹೋಗ್ತಿದ್ದೆ. ಗಿಡ ಕೂತ್ವು ಅಂದ್ರೆ ಅವಕ್ಕೇನು ಕುರ್ಚಿ ಬೇಕಿತ್ತಾ ಅಂದ್ಕೊಂಡೆ" ಅಂದಳು. ಸುತ್ತ ಕೂತವರು ನಕ್ಕರು. ನನಗೂ ನಗಬೇಕು ಅನ್ನಿಸಿತು, ಬಾಯಿ ಏಳಲಿಲ್ಲ.

ಸಂಜೆ ಅವರ ಚೀಲ ಬಿಚ್ಚಿದೆ. ಆಸ್ಪತ್ರೆಯವರು ಕೊಟ್ಟಾಗ ಗಂಟು ಹಾಕಿದ್ದು ಹಾಗೇ ಇತ್ತು. ಟಾರ್ಚು, ಅರ್ಧ ಬಿಸ್ಕತ್ತಿನ ಪೊಟ್ಟಣ, ಒಂದು ಕರವಸ್ತ್ರ. ಒಂದು ಕಟ್ಟು ಕೈಗವಸು ಕೂಡ. ತೆಳ್ಳಗೆ, ಹೆಗಲಿನ ತನಕ ಬರುವಷ್ಟು ಉದ್ದ. ಎಣಿಸಿದರೆ ಹನ್ನೆರಡು ಇವೆ. ಇಷ್ಟುದ್ದದ್ದು ಯಾತಕ್ಕೋ ಗೊತ್ತಾಗಲಿಲ್ಲ. ಪಾತ್ರೆ ತೊಳೆಯುವ ಕಟ್ಟೆಯ ಕೆಳಗೆ ಇಟ್ಟೆ.

ಮಾರ್ಚ್ 8, ಶನಿವಾರ

ಮುಂದಿನ ವಾರ ನನಗೆ ದಿಬ್ಬದ ಊರು ಬಂದಿದೆ. ಇಪ್ಪತ್ತೆರಡು ಮನೆ.

ಪಟ್ಟಿ ನೋಡಿ ಜೀಪ್ ಡ್ರೈವರ್ ಹತ್ತಿರ ಬಂದ. ಅವನನ್ನು ಎಲ್ಲರೂ ಹಾರನ್ ಅನ್ನುತ್ತಾರೆ, ಜೀಪಿಗಿಂತ ಮೊದಲು ಅವನ ಬಾಯಿ ಕೇಳಿಸುತ್ತದೆ. ಇವತ್ತು ಮಾತ್ರ ಸಣ್ಣ ದನಿ.

"ಅಕ್ಕ, ಆ ಊರಿಗೆ ನಿಮ್ಮನ್ನೇ ಹಾಕಿದ್ದಾರಲ್ಲ, ಮನುಷ್ಯತ್ವ ಇದೆಯಾ ಇವರಿಗೆ? ಅಣ್ಣ ಬೈಕ್ ಜಾರಿ ಬಿದ್ದಿದ್ದು ಆ ಊರಿನ ಬುಡದಲ್ಲೇ, ಕಾಲುವೆ ಸೇತುವೆ ಹತ್ರ. ಮಧ್ಯಾಹ್ನ ಒಂದು ಗಂಟೆಯಿಂದ ಬಿದ್ದಿದ್ರು. ಒಬ್ಬೊಬ್ಬರೂ ದಾಟ್ಕೊಂಡು ಹೋದ್ರು, ಮುಟ್ಟಿದ್ರೆ ಕೇಸ್ ಆಗುತ್ತೆ ಅಂತ. ಸಂಜೆ ಯಾವನೋ ಲಾರಿಯವನು ಪುಣ್ಯಾತ್ಮ ಎತ್ತಿ ತಂದ. ನಂಗೆ ಒಂದು ಮಾತು ಗೊತ್ತಾಗಿದ್ರೆ ಜೀಪು ಹಾರಿಸ್ಕೊಂಡು ಹೋಗ್ತಿದ್ದೆ."

ಇದನ್ನು ಅವನು ಜನವರಿಯಲ್ಲೂ ಹೇಳಿದ್ದ. ಆಗ ಕಿವಿಗೆ ಹೋಗಿರಲಿಲ್ಲ.

ಒಂದು ಗಂಟೆಯಿಂದ ಸಂಜೆಯ ತನಕ. ನಾನು ಆವತ್ತು ಎರಡರಿಂದ ನಾಲ್ಕರವರೆಗೆ ಮಲಗಿದ್ದೆ. ಫ್ಯಾನು ಹಾಕಿಕೊಂಡು.

ಅವರು ವಾರಕ್ಕೆ ಎರಡು ಸಲ ಆ ದಿಬ್ಬ ಹತ್ತುತ್ತಿದ್ದರು. ಊಟಕ್ಕೆ ಕೂತಾಗ ಅದೇ ಮಾತು: ಅಲ್ಲಿ ಹಸುಗಳು ಕಂದು ಹಾಕುತ್ತಿವೆ. ಆರು ತಿಂಗಳಿಗೋ ಏಳಕ್ಕೋ ಕರು ಸತ್ತು ಈಚೆ ಬೀಳುತ್ತದೆ, ಅದನ್ನೇ ಕಂದು ಬೀಳುವುದು ಅನ್ನುತ್ತಾರೆ. ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಅಂಟುತ್ತದೆ. ಮೈಲಿಗೆ ಅಂದುಕೊಳ್ಳಬೇಡ, ರೋಗ ಅನ್ನುತ್ತಿದ್ದರು. ಬರಿಗೈಯಲ್ಲಿ ಮುಟ್ಟಿದರೆ, ಹಸಿ ಹಾಲು ಕುಡಿದರೆ ಮನುಷ್ಯರಿಗೂ ಬರುತ್ತದಂತೆ. ಜ್ವರ ಬಂದು ಬಿಟ್ಟು ಬಂದು ಬಿಟ್ಟು ಕಾಡುತ್ತದೆ. ಬಸುರಿಯಾದರೆ ಬಸಿರು ನಿಲ್ಲುವುದೇ ಕಷ್ಟ. ಹಸುಗಳ ರಕ್ತ ಪರೀಕ್ಷೆ ಆಗಬೇಕು, ಹೆಣ್ಣು ಕರುಗಳಿಗೆ ಎಳೆಯದರಲ್ಲೇ ಸೂಜಿ ಹಾಕಿಸಬೇಕು. ಆದರೆ ದನದ ಡಾಕ್ಟರ ವ್ಯಾನು ಪಟ್ಟಿಯಲ್ಲಿ ಇರುವ ಊರಿಗೆ ಮಾತ್ರ ಹೋಗುತ್ತದೆ. ಪಟ್ಟಿ ಎರಡು ವರ್ಷಕ್ಕೊಮ್ಮೆ. "ಈ ಸಲ ಹೇಗಾದ್ರೂ ಸೇರಿಸಿಬಿಡ್ತೀನಿ ನೋಡು" ಅನ್ನುತ್ತಿದ್ದರು. ಬಾಯಲ್ಲಿ ತುತ್ತಿಟ್ಟುಕೊಂಡು ಆ ಊರಿನ ಸುದ್ದಿ.

ಆ ಊರಿನವರು ದಾಟಿಕೊಂಡು ಹೋದರು.

ಮಾರ್ಚ್ 12, ಬುಧವಾರ

ಐದೂವರೆ. ಇಪ್ಪತ್ತೆರಡು ಮನೆಯೂ ಒಂದೇ ದಿನದಲ್ಲಿ ಆಯಿತು. ಎಲ್ಲೂ ಕೂರಲಿಲ್ಲ, ಅದಕ್ಕೇ ಬೇಗ ಆಯಿತು.

ಸೇತುವೆಯ ಹತ್ತಿರ ನಿಲ್ಲಲಿಲ್ಲ. ನೋಡಿದೆ, ಅಷ್ಟೆ. ಸಿಮೆಂಟಿನ ಒಂದು ಮೂಲೆ ಒಡೆದಿದೆ.

ಊರಿನಲ್ಲಿ ನಾನು ಯಾರು ಅಂತ ಮೊದಲ ಮನೆಯಿಂದಲೇ ಗೊತ್ತಾಯಿತು. ಒಬ್ಬರ ಮುಖ ನೋಡಿ ಇನ್ನೊಬ್ಬರು ತಲೆ ಬಗ್ಗಿಸುವುದು, ಮಾತು ಅರ್ಧಕ್ಕೆ ನಿಲ್ಲಿಸುವುದು. ಯಾರೂ ಅವರ ಸುದ್ದಿ ಎತ್ತಲಿಲ್ಲ. ಎತ್ತುವ ಮುಖ ಇರಬೇಕಲ್ಲ.

"ನಿಮ್ಮ ದೊಡ್ಡ ತೊಂದರೆ ಏನು?"

"ಕಂದು."

"ಬೇರೆ?"

"ಬೇರೆ ಏನಿಲ್ಲಮ್ಮ. ಕಂದು ಒಂದೇ."

ಎಲ್ಲ ಮನೆಯಲ್ಲೂ ಇಷ್ಟೇ. ಒಬ್ಬ ಗಂಡಸು ಮಾತ್ರ "ಕಂದು. ನಿಮಗೆ ಗೊತ್ತಿರೋದೇ ಅಲ್ವಾ, ಇನ್ನೇನು ಹೇಳೋದು" ಅಂದ. ಗೊತ್ತಿರುವುದನ್ನು ಬರೆಯುವ ಹಾಗಿಲ್ಲ. ಹೇಳಿದ್ದನ್ನೇ ಬರೆದೆ: ಕಂದು.

ತಿರುವಿನಲ್ಲಿ, ದಿಬ್ಬ ಹತ್ತುವಾಗ ಮೊದಲು, ಇಳಿಯುವಾಗ ಕೊನೆಗೆ ಸಿಗುವ ಮನೆ ಒಬ್ಬ ಅಜ್ಜಿಯದು. ಮೂರು ಹಸು, ಒಬ್ಬ ಮಗ, ಒಬ್ಬಳು ಸೊಸೆ. ಅಜ್ಜಿ ನನ್ನನ್ನು ನೋಡಿದವಳೇ ಸೆರಗಿನಿಂದ ಕಟ್ಟೆ ಒರೆಸಿದಳು.

"ಕೂತ್ಕೊಳ್ಳಮ್ಮ."

"ಬೇಡ."

"ನೀರಾದ್ರೂ ಕುಡಿ, ಮಗಳೇ. ಬಿಸಿಲು."

"ಬೇಡ. ತೊಂದರೆ ಏನು ಹೇಳಿ."

ಅಜ್ಜಿ ನನ್ನ ಕೈಯ ಪೆನ್ನನ್ನೇ ನೋಡುತ್ತಾ ನಿಂತಳು. ಆಮೇಲೆ, "ಕಂದು ಒಂದೇ, ಬರ್ಕೋ" ಅಂದಳು.

ಸೊಸೆ ಕೊಟ್ಟಿಗೆಯಿಂದ ಕೈ ತೊಳೆದುಕೊಂಡು ಬಂದಳು. ಇಪ್ಪತ್ತೈದು ಇರಬಹುದು, ಐದು ತಿಂಗಳ ಬಸುರಿ. ಕೈಗಳು ಮಕ್ಕಳ ಕೈಯ ಹಾಗೆ ಪುಟ್ಟವು. "ಕರು ಸಿಕ್ಕಿಹಾಕ್ಕೊಂಡ್ರೆ ಊರಿಗೆಲ್ಲ ಇವಳೇ ಬೇಕು, ಇವಳ ಕೈ ಸಲೀಸಾಗಿ ಒಳಗೆ ಹೋಗುತ್ತೆ" ಅಂತ ಅಜ್ಜಿ ಹೆಮ್ಮೆಯಿಂದ ಹೇಳಿ, ಕೂಡಲೇ ದನಿ ಇಳಿಸಿದಳು. "ಹೋದ ವರ್ಷ ಇವಳದ್ದೂ ನಿಲ್ಲಲಿಲ್ಲಮ್ಮ."

ಅದಕ್ಕೆ ಫಾರಮ್ಮಿನಲ್ಲಿ ಜಾಗ ಇಲ್ಲ.

ಕೊಟ್ಟಿಗೆಯ ವಿವರ ಬರೆಯುವಾಗ ನೋಡಿದರೆ ಬಾಗಿಲೇ ಇಲ್ಲ. ಕೀಲು ಇದೆ, ಬಾಗಿಲು ಇಲ್ಲ. ಒಂದು ಬಾಗಿಲು ಹಾಕಿಕೊಳ್ಳಲಾಗದ ಸೋಮಾರಿಗಳು. "ಬಾಗಿಲು: ಇಲ್ಲ" ಅಂತ ಬರೆದೆ.

ಹೊರಡುವಾಗ ಸೊಸೆ ಓಡಿ ಬಂದು ಒಂದು ಬಾಟಲಿ ಹಾಲು ಕೈಗಿಟ್ಟಳು. ಬೇಡ ಅನ್ನುವುದರೊಳಗೆ ಹೋಗಿಬಿಟ್ಟಳು. ಸೇತುವೆ ದಾಟಿದ ಮೇಲೆ ಕಾಲುವೆಗೆ ಸುರಿದೆ. ಬಾಟಲಿ ಒಳ್ಳೆಯದಿತ್ತು, ತಂದೆ.

ಪೆನ್ಸಿಲು ಇವತ್ತು ಚೀಲದಿಂದ ತೆಗೆಯಲೇ ಇಲ್ಲ. ಚೂಪಾಗಿಯೇ ಇದೆ.

ಮಾರ್ಚ್ 13, ಗುರುವಾರ

ರಜೆ ಹಾಕಿದೆ. ಬಚ್ಚಲು ಉಜ್ಜಿದೆ. ಆ ಉದ್ದ ಕೈಗವಸು ಇದಕ್ಕೆ ಚೆನ್ನಾಗಿದೆ, ಒಂದು ತೊಟ್ಟು ಒಳಗೆ ಬರುವುದಿಲ್ಲ. ಉಜ್ಜಿ ಎಸೆದೆ.

ಅತ್ತೆ ರೇಡಿಯೋ ಹಾಕು ಅಂದರು. ಸೆಲ್ಲು ಹೋಗಿದೆ ಅಂದೆ. ಹೋಗಿಲ್ಲ.

ಮಾರ್ಚ್ 17, ಸೋಮವಾರ

ಕಂಪ್ಯೂಟರಿನವಳು ದಿಬ್ಬದ ಊರಿನ ಕಟ್ಟು ಬಿಚ್ಚಿದಳು. ನಾನು ಎದುರಿಗೇ ಕೂತು ಟೀ ಕುಡಿಯುತ್ತಿದ್ದೆ.

"ಅಕ್ಕ, ಇದೇನಿದು? ಇಪ್ಪತ್ತೆರಡರಲ್ಲೂ ಕಂದು, ಕಂದು, ಕಂದು. ಕಂದು ಅಂದ್ರೆ ಬ್ರೌನ್ ಬಣ್ಣ ಅಲ್ವಾ?"

ನಾನು ಟೀ ಊದಿ ಆರಿಸಿದೆ.

"ಎಲೆ ಬ್ರೌನ್ ಆಗೋದಾ? ಹಾಗಿದ್ರೆ ಇಲ್ಲಿ ಮೂವತ್ತೊಂದು ಅಂತ ಇದೆ ನೋಡಿ, ‘ಎಲೆ ಕಂದಾಗುವ ರೋಗ’. ಅದನ್ನ ಹಾಕ್ಲಾ?"

"ಬರೆದಿರೋದು ಬರೆದ ಹಾಗೇ ಇದೆಯಲ್ಲ."

"ಬೇರೆ ಊರಿಗೆಲ್ಲ ಅಂಚಲ್ಲಿ ಬರೀತಿದ್ರಿ. ಇದಕ್ಕೆ ಏನೂ ಇಲ್ಲ?"

"ಬರೆಯೋ ಅಂಥದ್ದೇನೂ ಹೇಳಲಿಲ್ಲ ಅವರು."

"ಹಾಗಾದ್ರೆ ಮೂವತ್ತೊಂದೇ?"

"ಹೂಂ" ಅಂದೆ.

ಇಪ್ಪತ್ತೆರಡು ಸಲ ಒತ್ತಿದಳು. ಮೂರು, ಒಂದು. ಮೂರು, ಒಂದು. ಟೀ ಮುಗಿಯುವುದರೊಳಗೆ ಊರು ಮುಗಿಯಿತು. "ಎಲ್ಲ ಊರೂ ಹೀಗೇ ಇದ್ರೆ ನಾನು ಐದು ಗಂಟೆ ಬಸ್ಸಿಗೇ ಮನೆಗೆ ಹೋಗ್ಬಹುದು" ಅಂದಳು.

ನಾನು ಸುಳ್ಳು ಹೇಳಲಿಲ್ಲ. ಅವರು ಹಸು ಅನ್ನಲಿಲ್ಲ, ಕರು ಅನ್ನಲಿಲ್ಲ. ಕಂದು ಅಂದರು, ಕಂದು ಅಂತ ಬರೆದೆ.

ಡಿಸೆಂಬರಿನಿಂದ ಈಚೆಗೆ ನಿನ್ನೆ ಮೊನ್ನೆಯಷ್ಟು ನಿದ್ದೆ ನನಗೆ ಬಂದಿರಲಿಲ್ಲ. ಕೆಲಸ ಮೈಗೆ ಒಗ್ಗಿರಬೇಕು.

ಮಾರ್ಚ್ 20, ಗುರುವಾರ

ಸಾಹೇಬರ ಕೋಣೆಯಲ್ಲಿ ಸಭೆ. ಗೋಡೆಗೆ ಊರುಗಳ ಹಾಳೆ ಅಂಟಿಸಿದ್ದರು. ದಿಬ್ಬದ ಊರಿನ ಮುಂದೆ ಒಂದೇ ಗೆರೆ, ಮೇಲಿನ ತನಕ.

"ನೂರಕ್ಕೆ ನೂರು!" ಸಾಹೇಬರು ಕನ್ನಡಕ ತೆಗೆದು ಹಾಕಿಕೊಂಡರು. "ಮನೆಗೊಂದು ಮಾತಾಡೋ ಜನ ಇವರು, ಈ ಊರಲ್ಲಿ ಮಾತ್ರ ಎಲ್ಲರಿಗೂ ಒಂದೇ ತೊಂದರೆ. ಎಲೆ ರೋಗ. ಉಗ್ರಾಣದಲ್ಲಿ ಮೂರು ವರ್ಷದಿಂದ ಔಷಧಿ ಹೊಡೆಯೋ ಯಂತ್ರ ಕೂತು ತುಕ್ಕು ಹಿಡೀತಿವೆ. ತಿಂಗಳ ಕೊನೆಯೊಳಗೆ ಖಾಲಿ ಮಾಡಬೇಕು. ಮನೆಗೊಂದು ಕೊಡಿ, ಹೊಡೆಯೋದು ಕಲಿಸಿ, ಫೋಟೋ ತೆಗೀರಿ. ದನದ ತೊಂದರೆ ಇದೆಯಾ ಅಲ್ಲಿ?"

ಕಂಪ್ಯೂಟರಿನವಳು ಹಾಳೆ ನೋಡಿ "ಸೊನ್ನೆ ಸಾರ್" ಅಂದಳು.

"ಹಾಗಾದ್ರೆ ವ್ಯಾನಿನ ದಾರಿಗೆ ಈ ಸಲವೂ ಆ ಊರು ಬೇಡ. ದಿಬ್ಬ ಹತ್ತಿ ಡೀಸೆಲ್ ಸುಡೋದು ತಪ್ಪಿತು."

ಆಮೇಲೆ ನನ್ನ ಕಡೆ ತಿರುಗಿದರು. "ಈ ಫಾರಮ್ಮುಗಳು ನಿಮ್ಮವಾ? ಒಂದು ಚಿತ್ತಿಲ್ಲ, ಒಂದು ತಿದ್ದಿಲ್ಲ. ಮೊದಲೆಲ್ಲ ಅಂಚಲ್ಲಿ ಏನೇನೋ ಗೀಚ್ತಿದ್ರಿ. ಕಲಿತುಬಿಟ್ರಿ. ನಿಮ್ಮ ಯಜಮಾನರು ಹತ್ತೊಂಬತ್ತು ವರ್ಷ ಆದ್ರೂ ಕಲೀಲಿಲ್ಲ ಬಿಡಿ."

ಎಲ್ಲರೂ ನನ್ನನ್ನು ನೋಡಿದರು. ಇನ್ನು ಯಾರೂ ಅನುಕಂಪದವರು ಅನ್ನಲಾರರು.

ಹೊರಗೆ ಬಂದಾಗ ಹಾರನ್ ಹೇಳಿದ, "ದಿಬ್ಬದವರಿಗೆ ಔಷಧಿ ಯಂತ್ರವಾ! ಅವರ ಹತ್ರ ಹೊಲ ಎಲ್ಲಿದೆ ಅಕ್ಕ, ಇರೋದೆಲ್ಲ ಹಸು. ಬಾಲಕ್ಕೆ ಹೊಡ್ಕೋತಾರೆ ಬಿಡಿ." ನಾನು ನಕ್ಕೆ. ಜೋರಾಗಿಯೇ ಬಂತು ನಗು. ಅವನೇ ಬೆದರಿದ.

ಮಾರ್ಚ್ 24, ಸೋಮವಾರ

ಏಳು ಗಂಟೆ. ಇವತ್ತು ಬರೆಯಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಬರೆಯುತ್ತೇನೆ.

ಪ್ರತಿ ಊರಿನಲ್ಲೂ ನಾಲ್ಕು ಮನೆಗೆ ಮತ್ತೆ ಹೋಗಿ, ಬರೆದದ್ದು ಸರಿ ಅಂತ ಸಹಿ ಹಾಕಿಸಿಕೊಂಡು ಬರಬೇಕು. ಬಿಟ್ಟುಹೋದ ಮನೆ, ಬೀಗ ಹಾಕಿದ ಮನೆ ಇದ್ದರೆ ಬೇರೆ. ದಿಬ್ಬದ ಊರಿಗೆ ಇವತ್ತು ಹೋದೆ. ಮೂರು ಮನೆ ಆಯಿತು. ಕೊನೆಗೆ ಅಜ್ಜಿಯ ಮನೆ.

ಕರೆದರೆ ಯಾರೂ ಓಗೊಡಲಿಲ್ಲ. ಕೊಟ್ಟಿಗೆಯ ಹತ್ತಿರ ಹೋದೆ. ಸೊಸೆ ಮಂಡಿಯೂರಿ ಕೂತಿದ್ದಳು, ಬಲಗೈ ಹಸುವಿನ ಒಳಗೆ ಹೆಗಲಿನ ತನಕ. ಹೆಗಲಿನ ತನಕ. ಆಗ ಆ ಕೈಗವಸು ಯಾತಕ್ಕೆ ಅಂತ ಗೊತ್ತಾಯಿತು. ಅವಳ ಹಣೆ ಬೆವರಿ ತುಟಿ ಒಣಗಿತ್ತು. "ಮೂರು ದಿನದಿಂದ ಜ್ವರ, ಬೇಡ ಅಂದ್ರೂ ಕೇಳಲ್ಲ, ಹಸು ಸಾಯುತ್ತೆ ಅಂತಾಳೆ" ಅಂದಳು ಅಜ್ಜಿ. ಕರು ಈಚೆ ಬಂತು. ಮೈಮೇಲೆ ಸರಿಯಾಗಿ ಕೂದಲು ಬಂದಿರಲಿಲ್ಲ, ಕಿವಿ ಒದ್ದೆ ಎಲೆಯ ಹಾಗೆ ಅಂಟಿಕೊಂಡಿತ್ತು. ಸೊಸೆ ಅದರ ಮೂಗನ್ನು ಬೆರಳಿನಿಂದ ಬಿಡಿಸಿ, ಸ್ವಲ್ಪ ಹೊತ್ತು ನೋಡಿ, ಗೋಣಿ ಮುಚ್ಚಿದಳು.

ನಾನು ಫಾರಮ್ಮು ತೆಗೆದೆ. ಮತ್ತೇನು ಮಾಡುವುದು? "ಕೊಟ್ಟಿಗೆಗೆ ಬಾಗಿಲಿಲ್ಲ ಅಂತ ಇದೆ. ಕಾರಣ ಕೇಳಿದ್ದಾರೆ. ಯಾಕಿಲ್ಲ?"

ಅಜ್ಜಿ ನನ್ನ ಮುಖ ನೋಡಿದಳು. "ಆಸ್ಪತ್ರೇಲೇ ಉಳೀತಲ್ಲಮ್ಮ. ನಿನಗೆ ಗೊತ್ತಿಲ್ವಾ?"

ಆಮೇಲೆ ಅವಳು ಹೇಳಿದ್ದು ಇದು. ಹೇಳಿದ ಹಾಗೇ ಬರೆಯುತ್ತೇನೆ.

"ಆ ಯಪ್ಪ ಸೇತುವೆ ಹತ್ರ ಬಿದ್ದಿದ್ದನ್ನ ನನ್ನ ಮಗನೇ ಮೊದಲು ನೋಡಿದ್ದು. ಊರೇ ಇಳಿದು ಹೋಯ್ತು. ಎತ್ತೋಕೆ ಹೋದ್ರೆ ನೋವು ತಡೀತಿರಲಿಲ್ಲ, ಸೊಂಟ ಮುರಿದಿತ್ತು. ನಿಮ್ಮ ಆಫೀಸಿಗೆ ಫೋನ್ ಮಾಡಿದ್ವಿ. ಜೀಪಿನವನೇ ಎತ್ತಿದ್ದು. ಬರ್ತೀನಿ ಅಂದ. ಸಾಹೇಬರ ಮನೆಗೆ ಸಿಲಿಂಡರ್ ಇಳಿಸಿ ಬರ್ತೀನಿ ಅಂದ. ಕಾದ್ವಿ, ಕಾದ್ವಿ. ಎರಡು ಸಲ ಮತ್ತೆ ಮಾಡಿದ್ವಿ, ಎತ್ತಲಿಲ್ಲ. ಆಮೇಲೆ ಕೊಟ್ಟಿಗೆ ಬಾಗಿಲು ಕಿತ್ತು, ಅದರ ಮೇಲೆ ಮಲಗಿಸಿ, ಆರು ಜನ ಹೊತ್ಕೊಂಡು ರಸ್ತೆ ತನಕ ನಡೆದ್ರು. ಅಲ್ಲಿ ಲಾರಿ ಸಿಕ್ತು. ಅಲ್ಲಿವರೆಗೂ ಅವರ ತಲೆ ನನ್ನ ತೊಡೆ ಮೇಲಿತ್ತಮ್ಮ. ನೀರು ಕುಡಿಸಿದೆ."

ಆವತ್ತು ಆಸ್ಪತ್ರೆಯ ವರಾಂಡದಲ್ಲಿ ಒಂದು ಬಾಗಿಲು ಗೋಡೆಗೆ ಒರಗಿಸಿತ್ತು. ನನಗೆ ನೆನಪಿದೆ. ಸೆಗಣಿ ಮೆತ್ತಿದ ಬಾಗಿಲು. ಇದ್ಯಾರು ಇಲ್ಲಿ ಇಟ್ಟಿದ್ದು ಅಂತ ಆಯಾ ಬೈಯುತ್ತಿದ್ದಳು.

"ಮಾತಾಡಿದ್ರಾ?" ಅಂತ ಕೇಳಿದೆ.

"ಮಾತಾಡ್ತಾನೇ ಇದ್ರು. ‘ಅಮ್ಮ ಮಾತ್ರೆ ನುಂಗಿದಳೋ ಇಲ್ವೋ, ಕೈಲಿಟ್ಟರೆ ದಿಂಬಿನ ಕೆಳಗೆ ಹಾಕ್ತಾಳೆ’ ಅಂದ್ರು. ಚೀಲದಲ್ಲಿ ಗ್ಲೌಸಿದೆ, ಸೊಸೆಗೆ ಕೊಡಿ ಅಂದ್ರು. ಆ ಗಾಬರೀಲಿ ಚೀಲ ಅವರ ಜೊತೇಲೇ ಹೋಯ್ತು. ಮನೆಗೆ ಹೇಳಿ ಕಳಿಸ್ತೀವಿ ಅಂದ್ವಿ. ಹುಡುಗರು ಸೈಕಲ್ ತಿರುಗಿಸ್ಕೊಂಡು ನಿಂತಿದ್ರು. ಬೇಡ ಅಂದ್ರು. ‘ಅವಳಿಗೆ ಹೇಳಬೇಡಿ, ಗಾಬರಿ ಆಗ್ತಾಳೆ, ನಾನೇ ಹೋಗಿ ಹೇಳ್ತೀನಿ’ ಅಂದ್ರು. ಅವರ ಮಾತು ಮೀರಬಾರದು ಅಂತ ಸುಮ್ಮನಾದ್ವಿ."

ನಮ್ಮ ಮನೆಯಿಂದ ಸೇತುವೆಗೆ ಸೈಕಲಿನಲ್ಲಿ ಇಪ್ಪತ್ತೈದು ನಿಮಿಷ.

ಅಷ್ಟು ಹೊತ್ತೂ ಇಡೀ ಊರಿಗೆ ಗೊತ್ತಿತ್ತು. ಹುಡುಗರಿಗೆ ಗೊತ್ತಿತ್ತು. ಈ ಸೊಸೆಗೆ ಗೊತ್ತಿತ್ತು. ತಲೆ ಅಜ್ಜಿಯ ತೊಡೆಯ ಮೇಲೆ. ನಾನು ಫ್ಯಾನು ಹಾಕಿಕೊಂಡು ಮಲಗಿದ್ದೆ. ಬೇಡ ಅಂದರಂತೆ, ಸುಮ್ಮನಾದರಂತೆ.

ದಾಟಿಕೊಂಡು ಹೋಗಿದ್ದರೆ ವಾಸಿಯಿತ್ತು.

ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಒತ್ತುವಾಗ ಕೇಳಿದಳು, "ಈ ಸಲ ಪಟ್ಟಿಗೆ ಸೇರ್ತೀವಾ ಮಗಳೇ? ಸೂಜಿಯವರು ಬರ್ತಾರಾ? ಆ ಯಪ್ಪ ಸೇರಿಸ್ತೀನಿ ಅಂದಿದ್ರು."

"ನೀವು ಹೇಳಿದ್ದನ್ನೇ ಬರೆದಿದ್ದೀನಿ" ಅಂದೆ.

"ಅಷ್ಟು ಸಾಕು ತಾಯಿ" ಅಂದಳು.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕೂತಿದ್ದರು. ನನ್ನ ಹೆಜ್ಜೆಯಿಂದಲೇ ಅವರಿಗೆ ಏನೋ ಗೊತ್ತಾಗುತ್ತದೆ. "ಆ ಊರಿಗೆ ಹೋಗಿದ್ಯಲ್ಲ. ಯಾರಾದ್ರೂ ಹೇಳಿದ್ರಾ? ಕೊನೆಗೆ ಏನಾದ್ರೂ ಅಂದ್ನಂತಾ?"

"ಏನೂ ಅನ್ನಲಿಲ್ಲವಂತೆ."

"ನನ್ನ ಸುದ್ದಿ?"

"ಇಲ್ಲ ಅತ್ತೆ. ಪ್ರಜ್ಞೆನೇ ಇರಲಿಲ್ಲವಂತೆ."

ಅವರು ಮಂಡಿ ಸವರಿಕೊಂಡರು. ಮಾತ್ರೆ ಕೈಲಿಟ್ಟೆ. ದಿಂಬಿನ ಕೆಳಗೆ ಹಾಕಿದ್ದು ನೋಡಿದೆ. ನೋಡಿ ಈಚೆ ಬಂದೆ.

ಮಾರ್ಚ್ 25, ಮಂಗಳವಾರ

ಮಧ್ಯಾಹ್ನ ಕಂಪ್ಯೂಟರಿನವಳು ಊಟಕ್ಕೆ ಹೋಗಿದ್ದಾಗ ದಿಬ್ಬದ ಊರಿನ ಕಟ್ಟು ತೆಗೆದೆ. ಮೇಲೆ ಅಜ್ಜಿಯ ಹಾಳೆ. ಎರಡಕ್ಷರ ಬರೆದರೆ ಸಾಕು: ದನ. ಇಪ್ಪತ್ತೆರಡು ಹಾಳೆಗೆ ನಲವತ್ತನಾಲ್ಕು ಅಕ್ಷರ. ಅವಳು ಬಂದು ನೋಡಿ ಅಯ್ಯೋ ಅಕ್ಕ ಅಂದು ಸಂಖ್ಯೆ ಬದಲಿಸುತ್ತಾಳೆ. ಹತ್ತು ನಿಮಿಷದ ಕೆಲಸ.

ಒಂದು ಹಾಳೆಗೆ ಬರೆದೆ. ಪೆನ್ಸಿಲಿನ ಮೊನೆ ಚೂಪು ಜಾಸ್ತಿಯಾಗಿ ಕಾಗದ ಕೆರೆಯಿತು. ಗಲೀಜಾಗಿ ಕಂಡಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಸಾಹೇಬರು ಕೇಳುತ್ತಾರೆ. ಹೂಂ ಅಂದವರು ನೀವೇ ಅಲ್ಲವಾ ಅಂತ ಇವಳು ಕೇಳುತ್ತಾಳೆ.

ರಬ್ಬರಿನಿಂದ ಅಳಿಸಿದೆ. ಪುಡಿ ಊದಿದೆ. ಏನೂ ಗೊತ್ತಾಗುವುದಿಲ್ಲ.

ಹಾರನ್‌ನನ್ನು ಸಿಲಿಂಡರ್ ವಿಷಯ ಕೇಳಬೇಕು ಅಂದುಕೊಂಡಿದ್ದೆ. ಸಂಜೆ ಮನೆಯ ತನಕ ಜೀಪಿನಲ್ಲೇ ಬಿಟ್ಟ. ಹಿಮ್ಮಡಿ ನೋಯುತ್ತಿತ್ತು. ಕೇಳಲಿಲ್ಲ.

ಮಾರ್ಚ್ 27, ಗುರುವಾರ

ಅಜ್ಜಿಯ ಸೊಸೆಗೆ ನಿಲ್ಲಲಿಲ್ಲವಂತೆ. ನಿನ್ನೆ ಬೆಳಗ್ಗೆ ಹೋಯಿತಂತೆ. ಜ್ವರ ಇಳಿದಿಲ್ಲ, ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದಾರೆ. ಹಾರನ್ ಹೇಳಿದ.

ಬಿಸಿಲು ಜಾಸ್ತಿ. ಕೈಗವಸು ನಾಲ್ಕು ಉಳಿದಿವೆ.

ಮಾರ್ಚ್ 28, ಶುಕ್ರವಾರ

ಆರು ಗಂಟೆ. ಸಾಹೇಬರು ಮೂರಕ್ಕೆ ಪಟ್ಟಿಗೆ ಸಹಿ ಹಾಕಿದರು. ಕೆಳಗೆ ಮಾಹಿತಿ ತಂದವರು ಅನ್ನುವ ಜಾಗದಲ್ಲಿ ನಾನು ಹಾಕಿದೆ. ನಮ್ಮ ಯಜಮಾನರ ಹೆಸರಿನ ಮುದ್ರೆ ಇನ್ನೂ ಮೇಜಿನ ಖಾನೆಯಲ್ಲೇ ಇತ್ತು. ಅದನ್ನು ಕಸಕ್ಕೆ ಹಾಕಿ ನನ್ನ ಹೆಸರಿನದು ಮಾಡಿಸಿಕೊಡ್ತೀವಿ ಅಂದರು. ಆಗಲಿ ಅಂದೆ.

ವ್ಯಾನಿನ ದಾರಿಯ ಹಾಳೆಯೂ ಅಚ್ಚಾಗಿ ಬಂದಿದೆ, ಎರಡು ವರ್ಷದ್ದು. ಕೆಳಗಿನ ಊರಿನಿಂದ ಗೆರೆ ಹೊರಟು ಸೇತುವೆಯ ಹತ್ತಿರ ಬಲಕ್ಕೆ ತಿರುಗುತ್ತದೆ. ದಿಬ್ಬಕ್ಕೆ ಹೋಗುವುದಿಲ್ಲ. ನೋಡುವುದಕ್ಕೆ ಅಚ್ಚುಕಟ್ಟಾಗಿದೆ.

ಉಗ್ರಾಣದಿಂದ ಯಂತ್ರಗಳನ್ನು ತೆಗೆದು ಒರೆಸಿದೆವು. ನಾನೂ ಒರೆಸಿದೆ. ಬೆನ್ನಿಗೆ ಕಟ್ಟಿಕೊಳ್ಳುವ ಡಬ್ಬಿ, ಒಂದು ಕೊಳವೆ, ಒಂದು ಹಿಡಿಕೆ. ನಾಲ್ಕರಲ್ಲಿ ಹಿಡಿಕೆ ಅಲ್ಲಾಡುವುದಿಲ್ಲ. ಅವನ್ನು ಕಟ್ಟಿನ ಕೆಳಗೆ ಇಡಿ ಅಂದರು. ಇಟ್ಟೆ. "ಹಂಚೋ ಫೋಟೋದಲ್ಲಿ ನೀವೂ ನಿಲ್ಲಬೇಕು" ಅಂದರು ಸಾಹೇಬರು. ಹಸಿರು ಸೀರೆ ಇಸ್ತ್ರಿ ಮಾಡಿ ಇಟ್ಟಿದ್ದೇನೆ.

ಅತ್ತೆ ಇವತ್ತು ಏನೂ ಕೇಳಲಿಲ್ಲ. ಸೋಮವಾರದಿಂದ ಈಚೆಗೆ ಕೇಳೇ ಇಲ್ಲ. ಹಾಸಿಗೆ ಕೊಡವುವಾಗ ದಿಂಬಿನ ಕೆಳಗಿನಿಂದ ಒಂಬತ್ತು ಮಾತ್ರೆ ಬಿದ್ದವು. ಮತ್ತೆ ಡಬ್ಬಿಗೆ ಹಾಕಿದೆ. ಮನೆ ಶಾಂತವಾಗಿದೆ, ಬರೆಯುವುದಕ್ಕೆ ಅನುಕೂಲ.

ನಾಳೆ ಒಂಬತ್ತಕ್ಕೆ ಜೀಪು. ಇಪ್ಪತ್ತೆರಡು ಯಂತ್ರ ಹಿಂದುಗಡೆ, ಮುಂದಿನ ಸೀಟು ನನಗೆ. ದಿಬ್ಬ ಹತ್ತಿ ಆಚೆ ತುದಿಯಿಂದ ಹಂಚಿಕೊಂಡು ಬಂದರೆ ಅಜ್ಜಿಯ ಮನೆ ಕೊನೆಗೆ ಬರುತ್ತದೆ, ತಿರುವಿನಿಂದಲೇ ಶುರು ಮಾಡಿದರೆ ಮೊದಲು. ತಿರುವಿನಿಂದಲೇ ಶುರು ಅಂತ ಹಾರನ್ ಹೇಳಿದ್ದಾನೆ.